ಹಕ್ಕಿಯ ಕಣ್ಣು ಮತ್ತು ಭೂಮಿಯ ಕಾಂತಕ್ಷೇತ್ರ: ಒಂದು ಸಂಶೋಧನೆಯ ಚರಿತ್ರೆ

ಭೂಮಿಯ ಕಾಂತಕ್ಷೇತ್ರ ಬಹಳ ದುರ್ಬಲವಾದದ್ದು. ನೆಲದ ಮಟ್ಟದಲ್ಲಿ ಅದರ ಬಲ ಸುಮಾರು 25ರಿಂದ 65 ಮೈಕ್ರೋಟೆಸ್ಲಾದಷ್ಟು ಮಾತ್ರ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಅಯಸ್ಕಾಂತ ಕೂಡ ಇದಕ್ಕಿಂತ ಸುಮಾರು ನೂರು ಪಟ್ಟು ಪ್ರಬಲ. ಆದರೂ ರಾತ್ರಿಯಲ್ಲಿ ಒಂಟಿಯಾಗಿ ನೂರಾರು ಕಿಲೋಮೀಟರ್ ಹಾರುವ ಪುಟ್ಟ ವಲಸೆ ಹಕ್ಕಿಗಳು ಈ ಕ್ಷೇತ್ರವನ್ನು ಗ್ರಹಿಸಿ ದಿಕ್ಕು ಹಿಡಿಯುತ್ತವೆ. ಈ ಗ್ರಹಿಕೆ ನಡೆಯುವುದು ಕಣ್ಣಿನಲ್ಲಿ, ಬೆಳಕಿನ ನೆರವಿನಿಂದ ಎಂಬ ನಿಲುವಿನತ್ತ ಕಳೆದ ಐದು ದಶಕಗಳ ಸಂಶೋಧನೆ ಸಾಗಿ ಬಂದಿದೆ. ಪಕ್ಷಿಶಾಸ್ತ್ರ, ರಸಾಯನಶಾಸ್ತ್ರ, ನರವಿಜ್ಞಾನ ಮತ್ತು ಕ್ವಾಂಟಂ ಭೌತಶಾಸ್ತ್ರಗಳು ಒಂದೇ ಪ್ರಶ್ನೆಯ ಸುತ್ತ ಸೇರಿದ ಅಪರೂಪದ ಚರಿತ್ರೆ ಇದು.

ಊಹೆಯ ಕಾಲ

ಹಕ್ಕಿಗಳಿಗೆ ಭೂಕಾಂತತೆಯ ಅರಿವಿರಬಹುದೆಂಬ ಊಹೆ ಹತ್ತೊಂಬತ್ತನೆಯ ಶತಮಾನದ್ದು. ರಷ್ಯಾ ಸಾಮ್ರಾಜ್ಯದ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಮಿಡೆನ್‌ಡಾರ್ಫ್ 1850ರ ದಶಕದಲ್ಲಿ ವಲಸೆ ಹಕ್ಕಿಗಳು ಆಯಾ ಊರು ತಲುಪುವ ದಿನಗಳನ್ನು ಕಲೆಹಾಕಿ, ಅವು ಕಾಂತಧ್ರುವದ ಇರವನ್ನು ಗುರುತಿಸಬಲ್ಲವು ಎಂದು ಸೂಚಿಸಿದ. ಫ್ರಾನ್ಸಿನ ಕಮೀಲ್ ವಿಗಿಯೆ 1882ರಲ್ಲಿ ಇದೇ ಜಾಡಿನಲ್ಲಿ ಬರೆದ. ಅಮೆರಿಕದ ಭೌತವಿಜ್ಞಾನಿ ಹೆನ್ರಿ ಯೀಗ್ಲಿ 1947ರಲ್ಲಿ ಪಾರಿವಾಳಗಳ ರೆಕ್ಕೆಗೆ ಅಯಸ್ಕಾಂತ ಕಟ್ಟಿ ಹಾರಿಸಿದ ಪ್ರಯೋಗಗಳನ್ನು ಪ್ರಕಟಿಸಿದ. ಅವನ ಫಲಿತಾಂಶ ಇತರರ ಕೈಯಲ್ಲಿ ಮರುಕಳಿಸಲಿಲ್ಲ. ವಿಷಯವೇ ಸಂಶಯಕ್ಕೆ ಗುರಿಯಾಯಿತು.

ಅದೇ ಹೊತ್ತಿಗೆ ಬೇರೆ ದಿಕ್ಸೂಚಿಗಳು ಬೆಳಕಿಗೆ ಬಂದವು. ಜರ್ಮನಿಯ ಗುಸ್ತಾವ್ ಕ್ರಾಮರ್ 1950ರ ಸುಮಾರಿಗೆ ಸ್ಟಾರ್ಲಿಂಗ್ ಹಕ್ಕಿಗಳು ಸೂರ್ಯನನ್ನು ನೋಡಿ ದಿಕ್ಕು ತಿಳಿಯುತ್ತವೆ ಎಂದು ತೋರಿಸಿಕೊಟ್ಟ. ಫ್ರಾಂಜ್ ಸಾವರ್, ಬಳಿಕ ಅಮೆರಿಕದ ಸ್ಟೀಫನ್ ಎಮ್ಲೆನ್ ರಾತ್ರಿಯ ವಲಸೆಗಾರ ಹಕ್ಕಿಗಳು ನಕ್ಷತ್ರಗಳನ್ನು ಬಳಸುವುದನ್ನು ತಾರಾಲಯದೊಳಗಿನ ಪ್ರಯೋಗಗಳಲ್ಲಿ ಕಂಡರು. ಸೂರ್ಯ, ನಕ್ಷತ್ರಗಳಿರುವಾಗ ಕಾಂತದಿಕ್ಸೂಚಿಯ ಅಗತ್ಯವೇ ಇಲ್ಲವೆಂದು ಆಗ ಅನೇಕರಿಗೆ ತೋರಿತು.

ಈ ಅಧ್ಯಯನಗಳಿಂದ ಮುಂದಿನವರಿಗೆ ಒಂದು ವಿಧಾನವೂ ದಕ್ಕಿತು. ವಲಸೆಯ ಕಾಲ ಬಂದಾಗ ಪಂಜರದಲ್ಲಿರುವ ಹಕ್ಕಿಯೂ ರಾತ್ರಿಯಿಡೀ ಚಡಪಡಿಸುತ್ತದೆ, ತಾನು ಹೋಗಬೇಕಾದ ದಿಕ್ಕಿಗೇ ಮತ್ತೆ ಮತ್ತೆ ಜಿಗಿಯುತ್ತದೆ. ಎಮ್ಲೆನ್ ಮತ್ತು ಅವನ ತಂದೆ 1966ರಲ್ಲಿ ಇದನ್ನು ಅಳೆಯಲು ಲಾಳಿಕೆಯ ಆಕಾರದ ಪಂಜರವೊಂದನ್ನು ರೂಪಿಸಿದರು. ತಳದಲ್ಲಿ ಶಾಯಿ ಹಚ್ಚಿದ ಮೆತ್ತೆ, ಇಳಿಜಾರು ಗೋಡೆಗೆ ಒತ್ತುಕಾಗದ. ಹಕ್ಕಿ ಜಿಗಿದ ಕಡೆಯಲ್ಲೆಲ್ಲ ಕಾಲಿನ ಗುರುತು ಮೂಡುತ್ತದೆ. ಗುರುತು ದಟ್ಟವಾಗಿರುವುದು ಎತ್ತ ಎಂದು ನೋಡಿದರೆ ಹಕ್ಕಿ ಆಯ್ದ ದಿಕ್ಕು ತಿಳಿಯುತ್ತದೆ. ಶಾಯಿಯ ಬದಲು ಮುಂದೆ ಉಗುರಿನ ಗೀರು ಮೂಡುವ ಕಾಗದಗಳು ಬಂದವು; ವಿಧಾನ ಇಂದಿಗೂ ಅದೇ.

ಫ್ರಾಂಕ್‌ಫರ್ಟಿನ ರಾಬಿನ್‌ಗಳು

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫ್ರೀಡ್ರಿಕ್ ಮೆರ್ಕೆಲ್ ಮತ್ತು ಹಾನ್ಸ್ ಫ್ರೊಮ್ಮೆ 1950ರ ದಶಕದ ಕೊನೆಯಲ್ಲಿ ಯುರೋಪಿನ ರಾಬಿನ್ ಹಕ್ಕಿಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗಮನಿಸಿದರು. ಆಕಾಶ ಕಾಣದಿದ್ದರೂ ಅವು ವಲಸೆಯ ದಿಕ್ಕಿಗೇ ಒಲವು ತೋರಿದವು. ಉಕ್ಕಿನ ಗೋಡೆಯ ಕೋಣೆಯೊಳಗೆ ಇಟ್ಟಾಗ ಆ ಒಲವು ಕಾಣೆಯಾಯಿತು. ಉಕ್ಕು ಭೂಮಿಯ ಕಾಂತಕ್ಷೇತ್ರವನ್ನು ತಗ್ಗಿಸುತ್ತದೆ. ಸಂಶೋಧಕರ ಗಮನ ಸಹಜವಾಗಿಯೇ ಅದರತ್ತ ಹೊರಳಿತು.

ಮೆರ್ಕೆಲ್‌ರ ಶಿಷ್ಯ ವೋಲ್ಫ್‌ಗಾಂಗ್ ವಿಲ್ಚ್‌ಕೊ ಪಂಜರದ ಸುತ್ತ ತಂತಿಯ ಸುರುಳಿಗಳನ್ನು ಅಳವಡಿಸಿದರು. ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಪಂಜರದೊಳಗಿನ ಕಾಂತ ಉತ್ತರವನ್ನು ಬೇಕಾದತ್ತ ತಿರುಗಿಸಬಹುದು. ಉತ್ತರ ತಿರುಗಿದಂತೆ ರಾಬಿನ್‌ಗಳೂ ತಿರುಗಿದವು. 1965ರಿಂದ ಪ್ರಕಟವಾದ ಈ ಫಲಿತಾಂಶಗಳು ಹಕ್ಕಿಗಳ ಕಾಂತದಿಕ್ಸೂಚಿಗೆ ದೊರೆತ ಮೊದಲ ಗಟ್ಟಿ ಸಾಕ್ಷ್ಯ.

ವೋಲ್ಫ್‌ಗಾಂಗ್ ಮತ್ತು ರೋಸ್ವಿತಾ ವಿಲ್ಚ್‌ಕೊ 1972ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕಿಂತ ಆಳಕ್ಕೆ ಹೋಯಿತು. ಭೂಮಿಯ ಕಾಂತರೇಖೆಗಳು ಹೆಚ್ಚಿನ ಕಡೆ ನೆಲಕ್ಕೆ ಸಮಾಂತರವಾಗಿ ಹರಡಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಅವು ಸುಮಾರು 66 ಡಿಗ್ರಿಯಷ್ಟು ಬಾಗಿ ನೆಲವನ್ನು ಹೊಗುತ್ತವೆ. ಕ್ಷೇತ್ರದ ಲಂಬಭಾಗವನ್ನು ಮಾತ್ರ ತಲೆಕೆಳಗು ಮಾಡಿದಾಗ ರಾಬಿನ್‌ಗಳು ಹಿಂದುಮುಂದಾದವು. ಲಂಬ ಮತ್ತು ಅಡ್ಡ ಭಾಗಗಳೆರಡನ್ನೂ ಒಟ್ಟಿಗೆ ತಿರುಗಿಸಿದಾಗ ಅವುಗಳ ದಿಕ್ಕು ಬದಲಾಗಲಿಲ್ಲ. ನಾವಿಕರ ದಿಕ್ಸೂಚಿಯ ಮುಳ್ಳಿನಂತೆ ಅವು ಉತ್ತರ, ದಕ್ಷಿಣ ಧ್ರುವಗಳನ್ನು ಬೇರ್ಪಡಿಸುವುದಿಲ್ಲ. ಕಾಂತರೇಖೆಯ ಬಾಗನ್ನು ನೋಡಿ ಧ್ರುವದ ಕಡೆ ಯಾವುದು, ಸಮಭಾಜಕದ ಕಡೆ ಯಾವುದು ಎಂದಷ್ಟೇ ತಿಳಿಯುತ್ತವೆ.

ಇಂಥ ದಿಕ್ಸೂಚಿಗೆ ಒಂದು ಮಿತಿ ಇದೆ. ಕಾಂತ ಸಮಭಾಜಕದಲ್ಲಿ ರೇಖೆಗಳು ನೆಲಕ್ಕೆ ಸಮಾಂತರವಾಗಿರುತ್ತವೆ. ಅಲ್ಲಿ ಎರಡು ಕಡೆಗಳೂ ಒಂದೇ. ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವ ರೇಖೆ ಅದೇ; ತಿರುವನಂತಪುರದ ಸಮೀಪದ ತುಂಬಾದಲ್ಲಿ 1963ರಲ್ಲಿ ರಾಕೆಟ್ ಉಡಾವಣೆ ಆರಂಭವಾದದ್ದೂ ಈ ಸಾಮೀಪ್ಯದಿಂದಲೇ. ಈ ರೇಖೆಯನ್ನು ದಾಟುವ ಹಕ್ಕಿ ಅಲ್ಲಿಂದ ಮುಂದೆ ಧ್ರುವದ ಕಡೆಗೆ ಹಾರಬೇಕು. ಗಾರ್ಡನ್ ವಾರ್ಬ್ಲರ್ ಹಕ್ಕಿಗಳನ್ನು ಕೆಲಕಾಲ ಸಮತಲ ಕ್ಷೇತ್ರದಲ್ಲಿಟ್ಟ ವಿಲ್ಚ್‌ಕೊ ದಂಪತಿ, ಆ ಅನುಭವದ ನಂತರ ಅವು ಸಮಭಾಜಕದ ಕಡೆಯನ್ನು ಬಿಟ್ಟು ಧ್ರುವದ ಕಡೆಗೆ ಮುಖಮಾಡುವುದನ್ನು 1992ರಲ್ಲಿ ವರದಿ ಮಾಡಿದರು.

ಶುಲ್ಟೆನ್ ಸಿದ್ಧಾಂತ

ದಿಕ್ಸೂಚಿ ಇದೆ ಎಂದಾಯಿತು. ಅದು ದೇಹದಲ್ಲಿ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ. ಭೂಮಿಯ ಕಾಂತಕ್ಷೇತ್ರ ಒಂದು ಅಣುವಿನ ಮೇಲೆ ಬೀರುವ ಪ್ರಭಾವದ ಶಕ್ತಿ, ದೇಹದ ಬಿಸಿಯಿಂದ ಆ ಅಣು ಪಡೆಯುವ ಶಕ್ತಿಯ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಕ್ಷೀಣವಾದ ಪ್ರಭಾವ ರಾಸಾಯನಿಕ ಕ್ರಿಯೆಯನ್ನು ಬದಲಿಸಲಾರದೆಂಬುದು ಸಾಮಾನ್ಯ ತಿಳಿವಳಿಕೆಯಾಗಿತ್ತು.

ಆಕ್ಸ್‌ಫರ್ಡಿನ ಲೀಸ್ಕ್ 1977ರಲ್ಲಿ ಕಾಂತಗ್ರಹಣ ಕಣ್ಣಿನಲ್ಲಿ, ಬೆಳಕಿನ ಮೂಲಕ ನಡೆಯಬಹುದೆಂದು ಸೂಚಿಸಿದರು. ಮರುವರ್ಷ ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಕ್ಲಾಸ್ ಶುಲ್ಟೆನ್, ಚಾರ್ಲ್ಸ್ ಸ್ವೆನ್‌ಬರ್ಗ್ ಮತ್ತು ಆಲ್ಬರ್ಟ್ ವೆಲ್ಲರ್ ಇನ್ನೊಂದು ದಾರಿ ತೋರಿದರು. ಕೆಲವು ಕ್ರಿಯೆಗಳಲ್ಲಿ ಎಲೆಕ್ಟ್ರಾನೊಂದು ಒಂದು ಅಣುವಿನಿಂದ ಇನ್ನೊಂದಕ್ಕೆ ಜಿಗಿದು, ಎರಡರಲ್ಲೂ ಒಂದೊಂದು ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಇದೇ ರ‍್ಯಾಡಿಕಲ್ ಜೋಡಿ. ಈ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್‌ಗಳು (ಅವನ್ನು ಪುಟ್ಟ ಅಯಸ್ಕಾಂತಗಳಂತಾಗಿಸುವ ಗುಣ) ಪರಸ್ಪರ ವಿರುದ್ಧವಾಗಿರುವ ಸಿಂಗ್ಲೆಟ್ ಸ್ಥಿತಿ ಮತ್ತು ಸಮಾಂತರವಾಗಿರುವ ಟ್ರಿಪ್ಲೆಟ್ ಸ್ಥಿತಿಗಳ ನಡುವೆ ಸೆಕೆಂಡಿಗೆ ಲಕ್ಷಾಂತರ ಬಾರಿ ಓಲಾಡುತ್ತವೆ. ಸಿಂಗ್ಲೆಟ್ ಸ್ಥಿತಿಯಲ್ಲಿ ಎಲೆಕ್ಟ್ರಾನ್ ತನ್ನ ಮೂಲಸ್ಥಾನಕ್ಕೆ ಮರಳಬಲ್ಲದು. ಟ್ರಿಪ್ಲೆಟ್ ಸ್ಥಿತಿಯಲ್ಲಿ ಆ ದಾರಿ ಮುಚ್ಚಿರುತ್ತದೆ. ಅಣುವಿನ ಒಳಗಿನ ಬೀಜಕೇಂದ್ರಗಳ ಕಾಂತತೆ ಈ ಓಲಾಟವನ್ನು ನಡೆಸುತ್ತದೆ, ಹೊರಗಿನ ಕ್ಷೇತ್ರ ಅದರ ಲಯವನ್ನು ತುಸು ಬದಲಿಸುತ್ತದೆ. ಹಾಗಾಗಿ ಕ್ರಿಯೆಯ ಕೊನೆಗೆ ಉಂಟಾಗುವ ವಸ್ತುವಿನ ಪ್ರಮಾಣವೂ ಬದಲಾಗುತ್ತದೆ. ಜೋಡಿಯು ಉಷ್ಣ ಸಮತೋಲದಿಂದ ದೂರವಿರುವ ಅಲ್ಪ ಅವಧಿಯಲ್ಲೇ ಇದೆಲ್ಲ ಮುಗಿಯುವುದರಿಂದ ದೇಹದ ಬಿಸಿ ಅಡ್ಡಿಯಾಗುವುದಿಲ್ಲ.

ಈ ಸಿದ್ಧಾಂತದ ಸೊಗಸು ಒಂದಿದೆ. ಕಾಂತಕ್ಷೇತ್ರದ ದಿಕ್ಕನ್ನು ಪೂರ್ತಿ ತಿರುಗಿಸಿದರೂ ರ‍್ಯಾಡಿಕಲ್ ಜೋಡಿಯ ಪ್ರತಿಕ್ರಿಯೆ ಬದಲಾಗದು. ಕ್ಷೇತ್ರದ ಅಕ್ಷ ಬದಲಾದರೆ ಮಾತ್ರ ಬದಲಾಗುತ್ತದೆ. ರಾಬಿನ್‌ಗಳು 1972ರಲ್ಲಿ ತೋರಿದ ನಡವಳಿಕೆಯೂ ಹೀಗೆಯೇ ಇತ್ತು.

ಬೆಳಕು ಮತ್ತು ಕ್ರಿಪ್ಟೋಕ್ರೋಮ್

ಸಿದ್ಧಾಂತ ನಿಜವಾಗಿದ್ದರೆ, ಜೋಡಿಯನ್ನು ಹುಟ್ಟಿಸಲು ಬೆಳಕು ಬೇಕು. ಇದರ ಪರೀಕ್ಷೆ ಆಸ್ಟ್ರೇಲಿಯಾದ ಸಿಲ್ವರ್‌ಐ ಹಕ್ಕಿಗಳ ಮೇಲೆ ನಡೆಯಿತು. ಕರ್ನಾಟಕದ ತೋಟಗಳಲ್ಲಿ ಕಾಣುವ ಬೆಳ್ಗಣ್ಣ ಇದೇ ಕುಲದ ಹಕ್ಕಿ. ವಿಲ್ಚ್‌ಕೊ ದಂಪತಿ ಮತ್ತು ಆಸ್ಟ್ರೇಲಿಯಾದ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದಂತೆ, ಬಿಳಿ, ನೀಲಿ, ಹಸಿರು ಬೆಳಕಿನಲ್ಲಿ ಸಿಲ್ವರ್‌ಐಗಳು ಸರಿಯಾದ ದಿಕ್ಕು ಹಿಡಿದವು. ಕೆಂಪು ಬೆಳಕಿನಲ್ಲಿ ದಿಕ್ಕುತಪ್ಪಿದವು. ರಾಬಿನ್‌ಗಳಲ್ಲೂ ಮುಂದೆ ಇಂಥದೇ ಫಲ ದೊರೆಯಿತು.

ಅದೇ 1993ರಲ್ಲಿ, ಹಕ್ಕಿಗಳಿಗೆ ಸಂಬಂಧವೇ ಇಲ್ಲದ ಸಂಶೋಧನೆಯಲ್ಲಿ, ಮಾರ್ಗರೆಟ್ ಅಹ್ಮದ್ ಮತ್ತು ಆಂಟನಿ ಕ್ಯಾಶ್ಮೋರ್ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ನೀಲಿ ಬೆಳಕನ್ನು ಗ್ರಹಿಸುವ ಪ್ರೋಟೀನಿನ ಜೀನನ್ನು ಗುರುತಿಸಿದರು. ಕ್ರಿಪ್ಟೋಕ್ರೋಮ್ ಎಂದು ಹೆಸರಾದ ಈ ಪ್ರೋಟೀನಿನ ಬಂಧುಗಳು ಪ್ರಾಣಿಗಳಲ್ಲೂ ಇರುವುದು ಬೇಗನೆ ತಿಳಿಯಿತು. ಅದರ ಒಡಲಲ್ಲಿ ಫ್ಲೇವಿನ್ ಎಂಬ ಅಣು ಇದೆ. ನೀಲಿ ಬೆಳಕು ಬಿದ್ದಾಗ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲಗಳ ಸಾಲಿನ ಮೂಲಕ ಎಲೆಕ್ಟ್ರಾನ್ ಫ್ಲೇವಿನ್‌ನತ್ತ ಸಾಗಿ ರ‍್ಯಾಡಿಕಲ್ ಜೋಡಿ ಉಂಟಾಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಥಾರ್ಸ್ಟೆನ್ ರಿಟ್ಜ್, ಸಾಲಿಹ್ ಆಡೆಮ್ ಮತ್ತು ಶುಲ್ಟೆನ್ 2000ದಲ್ಲಿ ಶುಲ್ಟೆನ್‌ರ ಸಿದ್ಧಾಂತಕ್ಕೆ ಈ ಪ್ರೋಟೀನನ್ನು ಜೋಡಿಸಿದರು. ಅಕ್ಷಿಪಟಲ ಅರ್ಧಗೋಲದಂತೆ ಬಾಗಿರುವುದರಿಂದ ಅದರ ಬೇರೆ ಬೇರೆ ಜಾಗಗಳಲ್ಲಿರುವ ಅಣುಗಳು ಕಾಂತರೇಖೆಗೆ ಬೇರೆ ಬೇರೆ ಕೋನದಲ್ಲಿರುತ್ತವೆ. ಅದರ ಫಲವಾಗಿ ಹಕ್ಕಿಯ ನೋಟದ ಮೇಲೆ ನಸುಬೆಳಕು, ನಸುಗಪ್ಪಿನ ವಿನ್ಯಾಸವೊಂದು ಮೂಡಬಹುದು, ತಲೆ ತಿರುಗಿಸಿದಂತೆ ಅದು ಜರುಗಬಹುದು ಎಂಬುದು ಅವರ ಲೆಕ್ಕಾಚಾರ.

ಈ ಮಾದರಿ ಮುಂದಿಟ್ಟ ಒಂದು ನಿರೀಕ್ಷೆಯನ್ನು ಪ್ರಯೋಗದಿಂದ ಒರೆಗೆ ಹಚ್ಚಬಹುದಿತ್ತು. ಸ್ಪಿನ್‌ಗಳ ಓಲಾಟಕ್ಕೆ ಹೊಂದುವ ಆವರ್ತನದ ರೇಡಿಯೋ ತರಂಗಗಳು ದಿಕ್ಸೂಚಿಯನ್ನು ಕೆಡಿಸಬೇಕು. ಇನ್ನೊಂದು ವಾದ ಹೇಳುವಂತೆ ಕೊಕ್ಕಿನಲ್ಲಿರುವ ಕಬ್ಬಿಣದ ಕಣಗಳೇ ದಿಕ್ಸೂಚಿಯಾಗಿದ್ದರೆ ಹಾಗಾಗಬಾರದು. ರಿಟ್ಜ್ ಮತ್ತು ಫ್ರಾಂಕ್‌ಫರ್ಟಿನ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 0.1ರಿಂದ 10 ಮೆಗಾಹರ್ಟ್ಸ್ ವ್ಯಾಪ್ತಿಯ ಅತಿ ಕ್ಷೀಣ ತರಂಗಗಳು ರಾಬಿನ್‌ಗಳ ದಿಕ್ಕು ತಪ್ಪಿಸಿದವು. ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಹೆನ್ರಿಕ್ ಮೌರಿಟ್ಸೆನ್‌ರ ತಂಡಕ್ಕೆ ಇದು ಅನಿರೀಕ್ಷಿತವಾಗಿ ಎದುರಾಯಿತು. ಅಲ್ಲಿನ ಆವರಣದ ಮರದ ಗುಡಿಸಲುಗಳಲ್ಲಿ ರಾಬಿನ್‌ಗಳು ದಿಕ್ಕು ಹಿಡಿಯುತ್ತಲೇ ಇರಲಿಲ್ಲ. ಗುಡಿಸಲಿಗೆ ಅಲ್ಯುಮಿನಿಯಂ ಹೊದಿಸಿ ನೆಲಕ್ಕೆ ತಂತಿ ಜೋಡಿಸಿದ ಮೇಲೆ ಹಕ್ಕಿಗಳು ಸರಿಹೋದವು. ನಗರದ ವಿದ್ಯುತ್ ಉಪಕರಣಗಳು ಮತ್ತು ರೇಡಿಯೋ ಪ್ರಸಾರದ 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್‌ವರೆಗಿನ ಗದ್ದಲವೇ ಕಾರಣವೆಂದು 2014ರಲ್ಲಿ ಅವರು ಪ್ರಕಟಿಸಿದರು. ಮೊಬೈಲ್ ಫೋನಿನ ತರಂಗಗಳು ಇದಕ್ಕಿಂತ ಬಹಳ ಮೇಲಿನ ಆವರ್ತನದವು. ಈ ಫಲಿತಾಂಶ ಅವಕ್ಕೆ ಅನ್ವಯಿಸುವುದಿಲ್ಲ.

ಕಣ್ಣಿನಿಂದ ಮಿದುಳಿಗೆ

ಕಣ್ಣು ಕಾಂತಕ್ಷೇತ್ರವನ್ನು ಗ್ರಹಿಸುವುದಾದರೆ ಮಿದುಳಿನಲ್ಲೂ ಅದರ ಜಾಡು ಸಿಗಬೇಕು. ಮೌರಿಟ್ಸೆನ್, ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು 2005ರಲ್ಲಿ ರಾತ್ರಿ ವಲಸೆ ಹೋಗುವ ಹಕ್ಕಿಗಳ ಮುಮ್ಮಿದುಳಿನಲ್ಲಿ, ರಾತ್ರಿ ಮಾತ್ರ ಚುರುಕಾಗುವ ಭಾಗವೊಂದನ್ನು ಗುರುತಿಸಿ ಕ್ಲಸ್ಟರ್ ಎನ್ ಎಂದು ಕರೆದರು. ಕಣ್ಣು ಮುಚ್ಚಿದರೆ ಅದರ ಚಟುವಟಿಕೆ ನಿಲ್ಲುತ್ತಿತ್ತು. ಅಕ್ಷಿಪಟಲದಿಂದ ಈ ಭಾಗಕ್ಕೆ ನರಗಳ ದಾರಿ ಇರುವುದು 2007ರಲ್ಲಿ ಖಚಿತವಾಯಿತು.

ನಿರ್ಣಾಯಕ ಪ್ರಯೋಗ 2009ರಲ್ಲಿ ಬಂತು. ಕೊಕ್ಕಿನಲ್ಲಿರುವ ಕಬ್ಬಿಣದ ಕಣಗಳೇ ದಿಕ್ಸೂಚಿ ಎಂಬ ವಾದ ಆಗ ಪ್ರಬಲವಾಗಿತ್ತು. ಮಾನುವೇಲಾ ಜಾಪ್ಕಾ ಮತ್ತು ಓಲ್ಡೆನ್‌ಬರ್ಗಿನ ತಂಡ ಕೆಲವು ರಾಬಿನ್‌ಗಳಲ್ಲಿ ಕೊಕ್ಕಿನಿಂದ ಮಿದುಳಿಗೆ ಹೋಗುವ ಟ್ರೈಜೆಮಿನಲ್ ನರವನ್ನು ಕತ್ತರಿಸಿತು. ಅವು ಎಂದಿನಂತೆ ದಿಕ್ಕು ಹಿಡಿದವು. ಕ್ಲಸ್ಟರ್ ಎನ್ ನಾಶವಾದ ರಾಬಿನ್‌ಗಳು ಕಾಂತದಿಕ್ಸೂಚಿಯನ್ನು ಕಳೆದುಕೊಂಡವು, ಆದರೆ ಸೂರ್ಯ, ನಕ್ಷತ್ರಗಳ ಮೂಲಕ ದಿಕ್ಕು ತಿಳಿಯುವುದು ಅವಕ್ಕೆ ಸಾಧ್ಯವಿತ್ತು. ಪಾರಿವಾಳದ ಕೊಕ್ಕಿನ ಕಬ್ಬಿಣಭರಿತ ಕೋಶಗಳು ನರಕೋಶಗಳಲ್ಲ, ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್‌ಗಳು ಎಂದು 2012ರಲ್ಲಿ ಇನ್ನೊಂದು ತಂಡ ತೋರಿಸಿತು. ಹಾಗೆಂದು ಟ್ರೈಜೆಮಿನಲ್ ನರ ನಿರುಪಯುಕ್ತವಲ್ಲ. ಸಾವಿರ ಕಿಲೋಮೀಟರ್ ಪೂರ್ವಕ್ಕೆ ಒಯ್ದ ರೀಡ್ ವಾರ್ಬ್ಲರ್‌ಗಳಲ್ಲಿ ಆ ನರದ ಕವಲು ಕತ್ತರಿಸಿದಾಗ ಅವು ತಮ್ಮ ಸ್ಥಳಾಂತರವನ್ನು ಸರಿದೂಗಿಸಿಕೊಳ್ಳಲಿಲ್ಲ ಎಂದು 2013ರಲ್ಲಿ ವರದಿಯಾಯಿತು. ದಿಕ್ಕು ತಿಳಿಸುವ ದಿಕ್ಸೂಚಿ ಒಂದು, ಇರುವ ಜಾಗ ತಿಳಿಸುವ ನಕ್ಷೆ ಇನ್ನೊಂದು ಎಂಬ ವಿಂಗಡಣೆಗೆ ಇದು ಆಧಾರ.

ಅಣುವಿನ ಮಟ್ಟದ ಸಾಕ್ಷ್ಯ

ಹಕ್ಕಿಯ ಅಕ್ಷಿಪಟಲದಲ್ಲಿ ಹಲವು ಬಗೆಯ ಕ್ರಿಪ್ಟೋಕ್ರೋಮ್‌ಗಳಿವೆ. ಅವುಗಳಲ್ಲಿ ಕ್ರಿಪ್ಟೋಕ್ರೋಮ್-4 ಈಗ ಮುಖ್ಯ ಅಭ್ಯರ್ಥಿ. ರಾಬಿನ್‌ಗಳಲ್ಲಿ ಅದು ಜೋಡಿ ಶಂಕುಕೋಶಗಳಲ್ಲಿ ನೆಲೆಸಿದೆ, ವಲಸೆಯ ಋತುವಿನಲ್ಲಿ ಅದರ ಉತ್ಪಾದನೆ ಏರುತ್ತದೆ ಎಂದು 2018ರಲ್ಲಿ ತಿಳಿಯಿತು. ಶಂಕುಕೋಶಗಳಲ್ಲಿ ದೃಷ್ಟಿಯ ಸಂಕೇತ ಸಾಗಿಸುವ ಪ್ರೋಟೀನಿನೊಡನೆ ಅದು ಬೆಸೆದುಕೊಳ್ಳಬಲ್ಲದೆಂಬುದು 2020ರ ಶೋಧ.

ಓಲ್ಡೆನ್‌ಬರ್ಗಿನ ಮೌರಿಟ್ಸೆನ್ ಮತ್ತು ಆಕ್ಸ್‌ಫರ್ಡಿನ ಪೀಟರ್ ಹೋರ್ ಅವರ ತಂಡಗಳು ಒಗ್ಗೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮೈಲಿಗಲ್ಲು. ಜಿಂಗ್‌ಜಿಂಗ್ ಶು ರಾಬಿನ್ನಿನ ಕ್ರಿಪ್ಟೋಕ್ರೋಮ್-4ನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಶುದ್ಧೀಕರಿಸಿದ ಆ ಪ್ರೋಟೀನು ಕಾಂತಕ್ಷೇತ್ರಕ್ಕೆ ಸ್ಪಂದಿಸಿತು. ವಲಸೆ ಹೋಗದ ಕೋಳಿ ಮತ್ತು ಪಾರಿವಾಳಗಳ ಅದೇ ಪ್ರೋಟೀನು ಅಷ್ಟು ಸ್ಪಂದಿಸಲಿಲ್ಲ. ಸಾಲಿನ ನಾಲ್ಕು ಟ್ರಿಪ್ಟೋಫ್ಯಾನ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಿದಾಗ, ಅವುಗಳ ನಡುವಿನ ಎಲೆಕ್ಟ್ರಾನ್ ಜಿಗಿತವೇ ಈ ಸ್ಪಂದನದ ಮೂಲವೆಂಬುದು ಸ್ಪಷ್ಟವಾಯಿತು.

ಈ ಪ್ರಯೋಗದ ಎಲ್ಲೆಯನ್ನೂ ನೆನಪಿಡಬೇಕು. ಅಲ್ಲಿ ಬಳಸಿದ ಕ್ಷೇತ್ರಗಳು ಭೂಮಿಯ ಕ್ಷೇತ್ರಕ್ಕಿಂತ ಬಹಳ ಪ್ರಬಲವಾದವು. ಪ್ರೋಟೀನು ದ್ರಾವಣದಲ್ಲಿತ್ತು, ಕಣ್ಣಿನ ಕೋಶದಲ್ಲಲ್ಲ. ಸಂಬಂಧಿತ ಸಂಶೋಧನೆಗಳಲ್ಲಿ ಹಿನ್ನಡೆಯೂ ಆಗಿದೆ. ಹಣ್ಣುನೊಣಗಳು ಕ್ರಿಪ್ಟೋಕ್ರೋಮಿನ ಮೂಲಕ ಕಾಂತಕ್ಷೇತ್ರ ಗ್ರಹಿಸುತ್ತವೆ ಎಂಬ 2008ರ ಪ್ರಸಿದ್ಧ ಫಲಿತಾಂಶ, 2023ರಲ್ಲಿ ಪ್ರಕಟವಾದ ಬಹುದೊಡ್ಡ ಪ್ರಮಾಣದ ಮರುಪರೀಕ್ಷೆಯಲ್ಲಿ ಕಾಣಲಿಲ್ಲ. ಗಿಣಿಗಳು, ಝೇಂಕಾರದ ಹಕ್ಕಿಗಳು ಮುಂತಾದ ಕೆಲವು ಗುಂಪುಗಳು ಕ್ರಿಪ್ಟೋಕ್ರೋಮ್-4ರ ಜೀನನ್ನೇ ಕಳೆದುಕೊಂಡಿವೆ ಎಂದು 2024ರ ಜೀನೋಮ್ ಅಧ್ಯಯನ ಹೇಳಿದೆ. ಎಲ್ಲ ಹಕ್ಕಿಗಳಿಗೂ ಒಂದೇ ಗ್ರಾಹಕವೆಂದು ಇನ್ನು ಮುಂದೆ ಭಾವಿಸುವಂತಿಲ್ಲ.

ಒಟ್ಟು ಸಾಕ್ಷ್ಯವನ್ನು ತೂಗಿದರೆ ನಿಲುವು ಹೀಗಿದೆ. ರಾತ್ರಿ ವಲಸೆಗಾರ ಹಾಡುಹಕ್ಕಿಗಳ ದಿಕ್ಸೂಚಿ ಬೆಳಕನ್ನು ಅವಲಂಬಿಸಿದೆ, ಬಾಗನ್ನು ಓದುತ್ತದೆ, ಅದಕ್ಕೆ ದೃಷ್ಟಿಯ ನರಮಾರ್ಗ ಬೇಕು ಎಂಬುದಕ್ಕೆ ಗಟ್ಟಿ ಆಧಾರವಿದೆ. ಅದರ ಮೂಲದಲ್ಲಿ ರ‍್ಯಾಡಿಕಲ್ ಜೋಡಿ ಇದೆ ಎಂಬುದು ಲಭ್ಯ ವಿವರಣೆಗಳಲ್ಲೆಲ್ಲ ಹೆಚ್ಚು ಒಪ್ಪುವಂಥದು. ಜೀವಂತ ಹಕ್ಕಿಯ ಕಣ್ಣಿನಲ್ಲಿ, ಭೂಮಿಯಷ್ಟೇ ಬಲದ ಕ್ಷೇತ್ರದಲ್ಲಿ ಕ್ರಿಪ್ಟೋಕ್ರೋಮ್-4 ಈ ಕೆಲಸ ಮಾಡುವುದನ್ನು ತೋರಿಸುವ ನೇರ ಪುರಾವೆ ಮಾತ್ರ ಇನ್ನೂ ಬರಬೇಕಿದೆ. ಅದು ದೊರೆತ ದಿನ 1978ರ ಸಿದ್ಧಾಂತಕ್ಕೆ ಪೂರ್ಣ ಮಾನ್ಯತೆ ಸಲ್ಲುತ್ತದೆ.