ಊರ ಗುಂಡುಕಲ್ಲಿನಿಂದ ಆಶಾ ಅಕ್ಕನ ಟೇಪಿನವರೆಗೆ: ನಾವು ಮೈ ಅಳೆದುಕೊಂಡ ಕಥೆ

ಬೆಂಗಳೂರಿನ ವಿಲ್ಸನ್ ಗಾರ್ಡನ್ ಗೊತ್ತಲ್ಲ? ಲಾಲ್‌ಬಾಗ್ ಮಗ್ಗುಲಿನ ಬಡಾವಣೆ. ಶಾಂತಿನಗರ ಬಸ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಕೆಲಸ ಹುಡುಕಿಕೊಂಡು ಹೋದ ನಮ್ಮ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರು ಆ ಸುತ್ತಿನ ಬಾಡಿಗೆ ರೂಮುಗಳಲ್ಲಿ, ಪಿಜಿಗಳಲ್ಲಿ ಇದ್ದಾರೆ. ಅಲ್ಲಿನ ಅಡ್ಡರಸ್ತೆಗಳಲ್ಲಿ ಓಡಾಡಿದರೆ ಜಿಮ್ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಇಷ್ಟು ದಿನಕ್ಕೆ ಇಷ್ಟು ಕೆ.ಜಿ. ಇಳಿಸುತ್ತೇವೆ, ಇಷ್ಟು ಕೆ.ಜಿ. ಏರಿಸುತ್ತೇವೆ ಅನ್ನುವುದೇ ಅವುಗಳ ಮಾತು. ಅದೇ ಮಾತು ಈಗ ಮೊಬೈಲಿನಲ್ಲಿ ನಮ್ಮ ಊರುಗಳಿಗೂ ಬಂದಿದೆ. ತಾಲ್ಲೂಕು ಕೇಂದ್ರಗಳಲ್ಲೂ ಜಿಮ್ ಇದೆ, ಡಬ್ಬಿ ಪುಡಿ ಮಾರುವ ಅಂಗಡಿ ಇದೆ, ಮನೆಯ ಮಂಚದ ಕೆಳಗೆ ತೂಕದ ಮಷೀನೂ ಇದೆ.

ಜಿಲ್ಲೆಯ ಸುದ್ದಿ ಬರೆಯುತ್ತಾ ತಿರುಗುವ ನಮಗೆ ಇನ್ನೊಂದು ಮಾತೂ ಆಗಾಗ ಕೇಳುತ್ತದೆ. ‘ನಾನು ಸಣಕಲ, ನನಗೆಲ್ಲಿಯ ಸಕ್ಕರೆ ಕಾಯಿಲೆ?’ ಹೀಗೆ ಅಂದುಕೊಂಡು ರಕ್ತ ಪರೀಕ್ಷೆ ಮಾಡಿಸದೆ ಉಳಿದವರು, ಕಾಲಿನ ಗಾಯ ವಾಸಿಯಾಗದೆ ಹೋದ ಮೇಲೆ ಆಸ್ಪತ್ರೆ ಮೆಟ್ಟಿಲು ಹತ್ತಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ತೂಕದ ಮಷೀನು ಹೇಳಿದ್ದನ್ನೇ ಪೂರ್ತಿ ನಂಬಿದರೆ ಬೀಳುವ ಪೆಟ್ಟು ಇದು. ನಮ್ಮ ಹಿರಿಯರು ಮೈಯನ್ನು ಹೇಗೆ ಅಳೆಯುತ್ತಿದ್ದರು, ತೂಕದ ಅಂಕಿ ಯಾವಾಗ ನಡುವೆ ಬಂತು ಅಂತ ಒಮ್ಮೆ ಹಿಂದಕ್ಕೆ ಹೋಗಿ ನೋಡೋಣ.

ಎತ್ತಿದವನೇ ಗಟ್ಟಿಗ

ಊರ ಗುಡಿಯ ಮುಂದೆ, ಇಲ್ಲವೇ ಗರಡಿ ಮನೆಯ ಅಂಗಳದಲ್ಲಿ ಒಂದು ಗುಂಡುಕಲ್ಲು ಬಿದ್ದಿರುವುದನ್ನು ನೀವು ನೋಡಿರಬಹುದು. ಉತ್ತರ ಕರ್ನಾಟಕದ ಕಡೆ ಸಂಗ್ರಾಣಿ ಕಲ್ಲು ಅನ್ನುತ್ತಾರೆ. ಜಾತ್ರೆ, ಹಬ್ಬ ಬಂದಾಗ ಅದನ್ನು ಎತ್ತುವ ಪಂದ್ಯ ಇವತ್ತಿಗೂ ನಡೆಯುತ್ತದೆ. ಆ ಕಲ್ಲಿನ ಮುಂದೆ ನಿಂತವನ ಮೈತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಮೊಣಕಾಲಿಗೆ ಬಂತಾ, ಎದೆಗೆ ಬಂತಾ, ಹೆಗಲು ದಾಟಿತಾ, ಇಷ್ಟೇ ಲೆಕ್ಕ. ಹೋದ ವರ್ಷ ಮೊಣಕಾಲಿಗೆ ತಂದವನು ಈ ವರ್ಷ ಎದೆಗೆ ತಂದರೆ ಊರಿಗೆ ಊರೇ ಅವನ ಪ್ರಗತಿಗೆ ಸಾಕ್ಷಿ.

ಗರಡಿಯ ಒಳಗೂ ಹಾಗೆಯೇ. ಎಷ್ಟು ದಂಡ ಹೊಡೆದ, ಎಷ್ಟು ಬಸ್ಕಿ ತೆಗೆದ, ಗದೆ ತಿರುಗಿಸಿ ನಿಂತ ಮೇಲೆ ಏದುಸಿರು ಎಷ್ಟು ಹೊತ್ತಿಗೆ ಹತೋಟಿಗೆ ಬಂತು, ಮಟ್ಟಿಯಲ್ಲಿ ಎಷ್ಟು ಹೊತ್ತು ಕಾಲೂರಿ ನಿಂತ ಅಂತ ಉಸ್ತಾದರು ನೋಡುತ್ತಿದ್ದರು.

ಇದು ಇಂದು ನಿನ್ನೆಯ ಪದ್ಧತಿಯೂ ಅಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರಲ್ಲಿ ಮಲ್ಲರ ಬಗ್ಗೆಯೇ ಒಂದು ಭಾಗವಿದೆ. ಅಲ್ಲಿ ಮಲ್ಲರನ್ನು ದರ್ಜೆ ಮಾಡುವುದು ವಯಸ್ಸು, ಬಲ, ಮೈಕಟ್ಟು, ಪಳಗಿದ ಅನುಭವ ಇವನ್ನೆಲ್ಲ ಸೇರಿಸಿ ನೋಡಿ.

ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಯಾರಿಗೆ ಯಾರು ಸಮ ಅಂತ ಪಳಗಿದ ಕಣ್ಣುಗಳು ತೀರ್ಮಾನಿಸುತ್ತವೆ. ತೂಕ ಒಂದೇ ಇದ್ದರೂ ಒಬ್ಬ ಹಳೆ ಹುಲಿ, ಇನ್ನೊಬ್ಬ ಹೊಸ ಕರು ಆಗಿದ್ದರೆ ಆ ಜೋಡಿ ಕೂಡುವುದಿಲ್ಲ.

ಜೆ.ಸಿ. ರಸ್ತೆಯ ವ್ಯಾಯಾಮಶಾಲೆ

ಈಗಿನ ಜಿಮ್ಮಿನ ಬೇರು ಹುಡುಕಿದರೆ ವಿಲ್ಸನ್ ಗಾರ್ಡನ್‌ನಿಂದ ಬಹಳ ದೂರ ಹೋಗಬೇಕಿಲ್ಲ. ಹತ್ತಿರದ ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಇತ್ತು. ಕೆ ಅಂದರೆ ಕೋಲಾರ, ವಿ ಅಂದರೆ ವೆಂಕಟೇಶ. ಕನ್ನಡ ಓದುಗರಿಗೆ ಅವರು ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಲೇಖಕರಾಗಿ ಗೊತ್ತು. ದೇಹದಾರ್ಢ್ಯದವರಿಗೆ ಅವರು ಗುರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದರು, ಸೂರ್ಯ ನಮಸ್ಕಾರದ ಬಗ್ಗೆಯೂ ಬರೆದರು, ಅಂಚೆಯಲ್ಲಿ ಪಾಠ ಕಳಿಸಿ ದೂರದ ಊರಿನವರಿಗೂ ವ್ಯಾಯಾಮ ಕಲಿಸಿದರು. ಭಾರ ಎತ್ತುವುದನ್ನೂ ಯೋಗಾಸನವನ್ನೂ ಒಂದೇ ಅಂಗಳದಲ್ಲಿ ಕೂಡಿಸಿದ್ದು ಅವರ ದೊಡ್ಡ ಕೆಲಸ.

ಆ ಕಾಲದ ದೇಹದಾರ್ಢ್ಯದವರ ಕೈಯಲ್ಲಿ ಇದ್ದದ್ದು ದರ್ಜಿಯ ಟೇಪು. ಎದೆ, ತೋಳು, ಸೊಂಟ, ತೊಡೆ ಅಳೆದು ಬರೆದಿಡುವುದು, ಆಮೇಲೆ ಫೋಟೋ ತೆಗೆಸಿ ಹೋಲಿಸುವುದು ಅವರ ಕ್ರಮ. ಇದನ್ನು ಜಗತ್ತಿಗೆ ಹಬ್ಬಿಸಿದವನು ಯುಜೀನ್ ಸ್ಯಾಂಡೋ. ಅವನು 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ. 1901ರಲ್ಲಿ ಲಂಡನ್ನಿನಲ್ಲಿ ಅವನು ನಡೆಸಿದ ಸ್ಪರ್ಧೆಯಲ್ಲಿ ತೀರ್ಪುಗಾರರು ನೋಡಿದ್ದು ಮೈಯ ಒಟ್ಟು ಬೆಳವಣಿಗೆ, ಭಾಗ ಭಾಗಗಳ ಸಮತೋಲ, ಸ್ನಾಯುಗಳ ಬಿಗಿ, ಆರೋಗ್ಯ, ಚರ್ಮದ ಸ್ಥಿತಿ. ಭಾರಿ ತೂಕದವನಿಗೆ ಬಹುಮಾನ ಅನ್ನುವ ಮಾತೇ ಇರಲಿಲ್ಲ.

ಅದೇ ಕಾಲದ ಕೋಲಾರ ಸೀಮೆಯ ಇನ್ನೊಬ್ಬರನ್ನೂ ನೆನೆಯಬೇಕು. ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಉಂಡ ಬಡಕಲು ಹುಡುಗ. 1934ರಲ್ಲಿ ಮೈಸೂರಿಗೆ ಹೋಗಿ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿಯತೊಡಗಿದರು. ಬೆನ್ನು ಎಷ್ಟು ಬಾಗಿತು, ಉಸಿರು ಎಷ್ಟು ನಿಂತಿತು ಅನ್ನುವುದೇ ಆ ವಿದ್ಯೆಯ ಅಳತೆ. ಆ ಹುಡುಗ 95 ವರ್ಷ ಬಾಳಿದರು.

ತೂಕದ ಅಂಕಿ ಎಲ್ಲಿಂದ ಬಂತು?

ಎತ್ತರಕ್ಕೆ ತಕ್ಕ ತೂಕದ ಲೆಕ್ಕವನ್ನು ಮೊದಲು ಹಾಕಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಕ್ವೆಟ್ಲೆ, 1830ರ ದಶಕದಲ್ಲಿ. ಅವನು ವೈದ್ಯನಲ್ಲ, ಗಣಿತದವನು. ಅವನಿಗೆ ಬೇಕಾಗಿದ್ದು ಇಡೀ ಜನಸಮೂಹದ ಸರಾಸರಿ. ಒಬ್ಬೊಬ್ಬರ ಆರೋಗ್ಯ ಹೇಳುವುದು ಅವನ ಉದ್ದೇಶವಾಗಿರಲಿಲ್ಲ.

ಆಮೇಲೆ ಅಮೆರಿಕದ ವಿಮಾ ಕಂಪನಿಗಳು ಬಂದವು. ಯಾರು ಬೇಗ ಸಾಯಬಹುದು, ಯಾರ ಹತ್ತಿರ ಹೆಚ್ಚು ಪ್ರೀಮಿಯಂ ತೆಗೆದುಕೊಳ್ಳಬೇಕು ಅನ್ನುವ ಲೆಕ್ಕಕ್ಕೆ ಎತ್ತರ ಮತ್ತು ತೂಕದ ಪಟ್ಟಿ ಮಾಡಿದವು. ಅಂಥ ಪಟ್ಟಿಗಳೇ ಆಸ್ಪತ್ರೆಗಳ ಗೋಡೆ ಏರಿದವು. 1972ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಕ್ವೆಟ್ಲೆಯ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟರು. ನಾವು ಈಗ ಬಿಎಂಐ ಅನ್ನುವುದು ಅದನ್ನೇ. ಅವರು ಪರೀಕ್ಷಿಸಿದ್ದು ಐದು ದೇಶಗಳ ಗಂಡಸರನ್ನು. ಆ ಐದರಲ್ಲಿ ಭಾರತ ಇರಲಿಲ್ಲ.

ನಮಗೆ ತೂಕದ ರುಚಿ ಹತ್ತಿಸಿದ್ದು ರೈಲು ನಿಲ್ದಾಣದ ಬಣ್ಣದ ದೀಪದ ಮಷೀನು. ನಾಣ್ಯ ಹಾಕಿದರೆ ಟಿಕೇಟು ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಸಿನಿಮಾ ನಟರ ಚಿತ್ರ ಅಥವಾ ಭವಿಷ್ಯ. ಆಗ ಅದು ತಮಾಷೆಗೆ ನೋಡುವ ಅಂಕಿ. ಈಗ ಅದನ್ನು ನೋಡಿಕೊಂಡೇ ಊಟ ಬಿಡುವವರಿದ್ದಾರೆ.

ಮೈಸೂರಿನ ಆಸ್ಪತ್ರೆಯ ಹಳೇ ದಫ್ತರ

ತೂಕ ಅರ್ಧ ಕಥೆ ಮಾತ್ರ ಹೇಳುತ್ತದೆ ಅನ್ನುವುದಕ್ಕೆ ದೊಡ್ಡ ಪುರಾವೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ಜೊತೆಗೆ ಉದ್ದ, ತಲೆಯ ಸುತ್ತಳತೆಯನ್ನೂ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಫ್ತರ ಹಿಡಿದು, ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು.

1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ ಇತ್ತು. ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ತೆಗೆದಾಗ ಬೇರೆಯೇ ಚಿತ್ರ ಬಂತು. ಹುಟ್ಟಿದಾಗ ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ದಪ್ಪ ಅನಿಸಿದವರಲ್ಲಿ ಅದು ಹೆಚ್ಚಿತ್ತು. ಅಂದಿನ ಸಿಬ್ಬಂದಿ ತೂಕವೊಂದನ್ನೇ ಬರೆದು ಸುಮ್ಮನಾಗಿದ್ದರೆ ಈ ಎರಡನೇ ಸಂಗತಿ ತಿಳಿಯುತ್ತಲೇ ಇರಲಿಲ್ಲ.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಫೋಟೋ ಅಚ್ಚಾದವು. ಒಬ್ಬರು ಪುಣೆಯ ಡಾಕ್ಟರ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾಕ್ಟರ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿನ ಕೊಬ್ಬು ಅಳೆದರೆ ಲಂಡನ್ನಿನವರಿಗೆ ಶೇ. 9.1, ಪುಣೆಯವರಿಗೆ ಶೇ. 21.2. ನೋಡಲು ಸಣ್ಣ, ಒಳಗೆ ಕೊಬ್ಬು. ನಮ್ಮ ‘ಸಣಕಲ’ರಿಗೂ ಸಕ್ಕರೆ ಕಾಯಿಲೆ ಬರುವ ಗುಟ್ಟು ಇಲ್ಲಿದೆ. ಇದಕ್ಕೇ 2009ರಲ್ಲಿ ತಜ್ಞರು ಭಾರತೀಯರಿಗೆ ಬೇರೆ ಗೆರೆ ಹಾಕಿದರು: ಬಿಎಂಐ 23 ದಾಟಿದರೆ ಎಚ್ಚರ, 25 ದಾಟಿದರೆ ಬೊಜ್ಜು.

ಉಡಿದಾರದ ಲೆಕ್ಕ

ಆ ತಜ್ಞರು ಸೊಂಟಕ್ಕೂ ಗೆರೆ ಹಾಕಿದರು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅದನ್ನು ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದರ್ಥ.

ನಮ್ಮ ಅಜ್ಜಿಯರಿಗೆ ಸೆಂಟಿಮೀಟರ್ ಗೊತ್ತಿರಲಿಲ್ಲ. ಉಡಿದಾರ ಗೊತ್ತಿತ್ತು. ಮಗುವಿನ ಉಡಿದಾರ ಬಿಗಿಯಾದರೆ ಮೈ ಹಿಡಿದಿದೆ ಅಂತ ಖುಷಿ. ದೊಡ್ಡವರ ಉಡಿದಾರ ಬಿಗಿಯಾದರೆ ‘ಯಾಕೋ ಹೊಟ್ಟೆ ಬಂತು’ ಅನ್ನುವ ಮಾತು. ಅದು ಮೈಮೇಲೇ ಇರುವ ಟೇಪು.

ಈಗ ಆ ಲೆಕ್ಕ ಸರ್ಕಾರದ ಫಾರಂಗೂ ಬಂದಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆ 30 ವರ್ಷ ದಾಟಿದವರಿಗೆ ತುಂಬುವ ಹಾಳೆಯಲ್ಲಿ ಸೊಂಟದ ಸುತ್ತಳತೆಗೆ ಅಂಕವಿದೆ. ವಯಸ್ಸು, ಬೀಡಿ ಸಿಗರೇಟು, ಹೆಂಡ, ವ್ಯಾಯಾಮ, ಮನೆತನದ ಕಾಯಿಲೆಗೂ ಅಂಕವಿದೆ. ಒಟ್ಟು ನಾಲ್ಕು ದಾಟಿದರೆ ಮೊದಲು ತಪಾಸಣೆಗೆ ಹೋಗಬೇಕು. ಆ ಅಕ್ಕ ಟೇಪು ತೆಗೆದಾಗ ನಾಚಿಕೊಂಡು ‘ನೀವೇ ಏನೋ ಬರ್ಕೊಳ್ಳಿ’ ಅಂದುಬಿಡಬೇಡಿ. ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿದೆ.

ಮನೆಯಲ್ಲೇ ಅಳೆಯುವುದು ಹೇಗೆ?

ವ್ಯಾಯಾಮ ಶುರು ಮಾಡಿ ತಿಂಗಳಾದರೂ ಮುಳ್ಳು ಅಲ್ಲಾಡಲಿಲ್ಲ ಅಂತ ಕೈಬಿಡುವವರು ಬಹಳ. ಒಂದು ಲೀಟರ್ ಪಾತ್ರೆ ತುಂಬ ಕೊಬ್ಬು ಸುಮಾರು 900 ಗ್ರಾಂ ತೂಗಿದರೆ, ಅಷ್ಟೇ ಜಾಗದ ಮಾಂಸಖಂಡ 1,060 ಗ್ರಾಂ ತೂಗುತ್ತದೆ. ಕೊಬ್ಬು ಕರಗಿ ಮಾಂಸಖಂಡ ಕೂಡಿದರೆ ಮುಳ್ಳು ನಿಂತಲ್ಲೇ ನಿಂತು ಪ್ಯಾಂಟು ಸಡಿಲವಾಗುತ್ತದೆ. ಆದ್ದರಿಂದ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ ಬರೆದಿಡಿ.

ಸೊಂಟ: ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ.

ನಾಡಿ: ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಒಂದು ನಿಮಿಷ ಎಣಿಸಿ. ಅಭ್ಯಾಸ ಕೂಡಿದ ಹಾಗೆ ಸಾಮಾನ್ಯವಾಗಿ ಅದು ಇಳಿಯುತ್ತದೆ.

ಕಾಲಿನ ಬಲ: ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ? ಮನೆಯ ಹಿರಿಯರಿಗೂ ಇದನ್ನು ನೋಡಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಹಿಡಿತ: ತುಂಬಿದ ಕೊಡ ಹಿಡಿದು ಎಷ್ಟು ದೂರ ನಡೆಯಬಲ್ಲಿರಿ? ಇದು ಅಸಡ್ಡೆ ಮಾಡುವ ಸಂಗತಿಯಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ನೋಡಿದ ಅಧ್ಯಯನ 2015ರಲ್ಲಿ ಬಂತು. ಕೈಹಿಡಿತ 5 ಕೆ.ಜಿ. ಕಡಿಮೆ ಇದ್ದಷ್ಟಕ್ಕೂ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು.

ಓಟ: ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗರಿಗೆ ಇದು ಗೊತ್ತು. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಉಸಿರು ಎಳೆದಾಗ ಎದೆ 5 ಸೆಂ.ಮೀ. ಹಿಗ್ಗಬೇಕು. ಪುಡಿ ತಿಂದು ಏರಿಸಿದ ಕೆ.ಜಿ. ಆ ಮೈದಾನದಲ್ಲಿ ಕಾಲು ಎಳೆಯುತ್ತದೆ. ಅದೇ ದುಡ್ಡಿಗೆ ಮೊಟ್ಟೆ, ಶೇಂಗಾ, ಹುರುಳಿ ಬರುತ್ತದೆ.

ಹಾಗಂತ ತೂಕದ ಮಷೀನನ್ನು ಎಸೆಯಬೇಕಿಲ್ಲ. ಅಂಗನವಾಡಿಯಲ್ಲಿ ಮಗುವಿನ ತೂಕ, ಬಸುರಿಯ ತೂಕ ಬಿಡದೆ ನೋಡಲೇಬೇಕು. ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ಮೊದಲ ಕಂತಿನಲ್ಲೇ ನಮ್ಮ ತಿ. ನರಸೀಪುರ ಇತ್ತು. ಮಗು ಸೊರಗಿದೆಯೇ ಅಂತ ತಿಳಿಯಲು ತೋಳಿಗೆ ಸುತ್ತುವ ಪಟ್ಟಿಯೂ ಇದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಸಣ್ಣ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದೊಡ್ಡವರ ತೂಕ ಕಾರಣವಿಲ್ಲದೆ ಸರಸರ ಇಳಿದರೂ ಡಾಕ್ಟರಿಗೆ ತೋರಿಸಬೇಕು.

ವಿಲ್ಸನ್ ಗಾರ್ಡನ್‌ನಲ್ಲಿರುವ ನಿಮ್ಮ ಮಗನೋ ಮಗಳೋ ಮುಂದಿನ ಹಬ್ಬಕ್ಕೆ ಊರಿಗೆ ಬಂದರೆ ‘ಸೊರಗಿದೀಯಾ’, ‘ಊದಿದೀಯಾ’ ಅನ್ನುವ ಬದಲು ಬೇರೆ ಕೇಳಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ? ರಾತ್ರಿ ನಿದ್ದೆ ಬರುತ್ತಾ? 30 ದಾಟಿದ್ದರೆ ಬಿಪಿ, ಶುಗರ್ ನೋಡಿಸಿದೀಯಾ? ನಿಮ್ಮದನ್ನೂ ಅದೇ ವಾರ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಿ. ಅಲ್ಲಿ ಈ ತಪಾಸಣೆಗೆ ದುಡ್ಡಿಲ್ಲ.