ಮಾರು ಎಂದವರು, ಕೊಂಡವರು

ಗ್ರೀಸ್ ದೇಶದ ಅಥೆನ್ಸ್ ಪಕ್ಕದಲ್ಲಿ ಪಿರೇಯಸ್ ಅಂತ ಒಂದು ಬಂದರು ಇದೆ. ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸಿನವರ ಯುದ್ಧದ ಹಡಗುಗಳು ನಿಲ್ಲುತ್ತಿದ್ದದ್ದು ಇಲ್ಲೇ. ಈಗ ಅದರ ಯಜಮಾನಿಕೆ ಚೀನಾ ಸರ್ಕಾರದ ಹಡಗು ಕಂಪನಿ ಕಾಸ್ಕೊದ್ದು. ಇದು ಹೇಗಾಯ್ತು?

2008ರಲ್ಲಿ ಕಾಸ್ಕೊ ಅಲ್ಲಿ ಕಂಟೇನರ್ ಇಳಿಸುವ ಕಟ್ಟೆಗಳನ್ನು ಗುತ್ತಿಗೆಗೆ ಹಿಡಿಯಿತು. 2010ರ ಹೊತ್ತಿಗೆ ಗ್ರೀಸ್ ಸಾಲದಲ್ಲಿ ಮುಳುಗಿತು. ಯುರೋಪಿನ ದೇಶಗಳೂ ಐ.ಎಂ.ಎಫ್. ಸಂಸ್ಥೆಯೂ ಹೊಸ ಸಾಲ ಕೊಟ್ಟವು. ಸರ್ಕಾರಿ ಆಸ್ತಿ ಮಾರಬೇಕು ಅಂತ ಷರತ್ತನ್ನೂ ಹಾಕಿದವು. 2016ರಲ್ಲಿ ಬಂದರಿನ ನೂರಕ್ಕೆ 51 ಪಾಲು ಸುಮಾರು 28 ಕೋಟಿ ಯೂರೋಗೆ ಕಾಸ್ಕೊ ಕೈಸೇರಿತು. 2021ರಲ್ಲಿ ಆ ಪಾಲು 67 ಆಯಿತು.

ಬಂದರು ಬೆಳೆಯಿತು, ಅದು ಸುಳ್ಳಲ್ಲ. ಮೆಡಿಟರೇನಿಯನ್ ಸಮುದ್ರದ ದೊಡ್ಡ ಕಂಟೇನರ್ ಬಂದರುಗಳ ಸಾಲಿಗೆ ಸೇರಿತು. ಆದರೆ 2017ರ ಜೂನ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಚೀನಾವನ್ನು ಟೀಕಿಸುವ ಹೇಳಿಕೆಯೊಂದನ್ನು ಯುರೋಪ್ ಒಕ್ಕೂಟ ಕೊಡಬೇಕಿತ್ತು. ಅದಕ್ಕೆ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು. ಗ್ರೀಸ್ ಒಪ್ಪಲಿಲ್ಲ. ಹೇಳಿಕೆ ಹೊರಬರಲೇ ಇಲ್ಲ.

ಆಗ ಯುರೋಪ್ ಕಣ್ಣು ಬಿಟ್ಟಿತು. 2019ರಲ್ಲಿ ಚೀನಾವನ್ನು ಪಾಲುದಾರ, ಪೈಪೋಟಿದಾರ, ಜೊತೆಗೆ ಎದುರಾಳಿ ಎಂದೂ ಕರೆಯಿತು. ಹೊರಗಿನವರ ಬಂಡವಾಳವನ್ನು ಪರೀಕ್ಷಿಸಲು ಅದೇ ವರ್ಷ ಕಾನೂನು ತಂದಿತು. ಆದರೂ 2023ರಲ್ಲಿ ಜರ್ಮನಿ ತನ್ನ ಹ್ಯಾಂಬರ್ಗ್ ಬಂದರಿನ ಒಂದು ಟರ್ಮಿನಲ್‌ನಲ್ಲಿ ಕಾಸ್ಕೊಗೆ ನೂರಕ್ಕೆ 25ಕ್ಕಿಂತ ತುಸು ಕಡಿಮೆ ಪಾಲು ಬಿಟ್ಟುಕೊಟ್ಟಿತು.

ಕಷ್ಟದಲ್ಲಿದ್ದವನಿಗೆ ಮನೆ ಮಾರು ಅಂದವರೇ, ಆಮೇಲೆ ಅವನಿಗೇಕೆ ಮಾರಿದೆ ಅಂತ ಕೇಳಿದರೆ ಏನು ಹೇಳೋದು? ಗ್ರೀಸ್ ಒಂದನ್ನೇ ದೂರುವವರು ಸಾಲದ ಷರತ್ತು ಬರೆದ ಕೈಯನ್ನೂ ನೋಡಬೇಕು.