ತಲೆಯ ಪಣ, ಓಲೆಯ ಸಾಕ್ಷಿ

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬಲೂರು ಈಗಿನವರಿಗೆ ಸರ್ವಜ್ಞನ ಊರೆಂದೇ ಪರಿಚಿತ. ಶಾಸನಗಳಲ್ಲಿ ಅದರ ಹೆಸರು ಅಬ್ಬಲೂರು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಒಂದು ದೀರ್ಘ ಶಾಸನವಿದೆ. ಕಾಲದ ಉಲ್ಲೇಖವಿಲ್ಲದ ಅದನ್ನು ವಿದ್ವಾಂಸರು ಸುಮಾರು 1200ರ ಆಸುಪಾಸಿಗೆ ಹಚ್ಚಿದ್ದಾರೆ. ಮೂಲತಃ ಅದು ದತ್ತಿಶಾಸನ, ಯಾವ ಅರಸ ಯಾವ ಊರನ್ನು ದೇವರಿಗೆ ಬಿಟ್ಟ ಎಂಬ ಲೆಕ್ಕ. ಆ ದತ್ತಿಗೆ ಕಾರಣವೇನೆಂದು ಹೇಳಹೊರಟ ಶಾಸನಕವಿ ಮಾತ್ರ ಒಬ್ಬ ಭಕ್ತ ತನ್ನ ತಲೆಯನ್ನು ತಾನೇ ಕಡಿದುಕೊಂಡ ಕಥೆಯನ್ನು ವಿಸ್ತಾರವಾಗಿ ಬಿಡಿಸಿಡುತ್ತಾನೆ.

ಆ ಭಕ್ತ ರಾಮಯ್ಯ. ಊರು ಅಲಂದೆ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದ. ತಂದೆ ಪುರುಷೋತ್ತಮ ಭಟ್ಟ, ಶೈವ ಬ್ರಾಹ್ಮಣ. ಶಿವನಲ್ಲದೆ ಇನ್ನೊಬ್ಬರನ್ನು ನೆನೆಯದ ನಿಷ್ಠೆಯಿಂದಾಗಿ ಅವನಿಗೆ ‘ಏಕಾಂತದ ರಾಮಯ್ಯ’ ಎಂಬ ಹೆಸರು ಬಂತು. ತಿರುಗುತ್ತ ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನಿಗೆ ಅಲ್ಲಿನ ಸೋಮನಾಥ ಅಬ್ಬಲೂರಿಗೆ ಹೋಗೆಂದು ಅಪ್ಪಣೆ ಕೊಟ್ಟನಂತೆ. ಅಬ್ಬಲೂರಿನಲ್ಲಿ ಸಂಕಗಾವುಂಡ ಮೊದಲಾದ ಜೈನರಿಗೂ ಇವನಿಗೂ ಮಾತಿಗೆ ಮಾತು ಬೆಳೆಯಿತು. ಯಾರ ದೇವರು ದೊಡ್ಡವನು ಎಂಬ ಜಗಳ ಪಣಕ್ಕೆ ಮುಟ್ಟಿತು: ರಾಮಯ್ಯ ತಲೆ ಕಡಿದು ಶಿವನಿಗೊಪ್ಪಿಸಿ ಮರಳಿ ಪಡೆದರೆ ಜೈನರು ತಮ್ಮ ಜಿನನನ್ನು ಕಿತ್ತು ಅಲ್ಲಿ ಶಿವನನ್ನು ನಿಲ್ಲಿಸಬೇಕು.

ಈ ಹಂತದಲ್ಲಿ ರಾಮಯ್ಯ ಮಾಡಿದ ಒಂದು ಕೆಲಸವನ್ನು ಕಥೆ ಹೇಳುವವರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ಕತ್ತಿ ಹಿಡಿಯುವ ಮುಂಚೆ ಅವನು ಎದುರಾಳಿಗಳಿಂದ ಓಲೆ ಬರೆಸಿಕೊಂಡ. ಅಂದರೆ ತಾಳೆಗರಿಯ ಮೇಲೆ ಕರಾರುಪತ್ರ. ಸಾಯಲು ಹೊರಟವನು ಪತ್ರ ಕೇಳುತ್ತಾನೆಯೇ? ಮತಾವೇಶ ತಲೆಗೇರಿದವನಿಗೆ ಲೋಕದ ಪರಿವೆ ಇರುವುದಿಲ್ಲ ಎಂಬ ನಮ್ಮ ಊಹೆಗೆ ಮೊದಲ ಪೆಟ್ಟು ಬೀಳುವುದೇ ಈ ಓಲೆಯಿಂದ.

ಶಾಸನದ ಪ್ರಕಾರ ಏಳು ದಿನಗಳ ಮೇಲೆ ತಲೆ ಗಾಯದ ಗುರುತೂ ಇಲ್ಲದೆ ಕೂಡಿಕೊಂಡಿತು. ಜೈನರು ಮಾತಿಗೆ ನಿಲ್ಲಲಿಲ್ಲ. ರಾಮಯ್ಯ ಕಾವಲನ್ನು ಮುರಿದು ಬಸದಿಗೆ ನುಗ್ಗಿ ಜಿನಬಿಂಬವನ್ನು ಒಡೆದು ವೀರಸೋಮನಾಥನನ್ನು ಸ್ಥಾಪಿಸಿದ. ಅವರು ಕಳಚುರಿ ಬಿಜ್ಜಳನ ಆಸ್ಥಾನಕ್ಕೆ ದೂರು ಒಯ್ದರು. ಅರಸ ಕರೆಸಿ ಕೇಳಿದಾಗ ರಾಮಯ್ಯ ಮೊದಲು ಮುಂದೆ ಇಟ್ಟದ್ದು ಅದೇ ಓಲೆ. ಬೇಕಾದರೆ ಇನ್ನೊಮ್ಮೆ ತಲೆ ಕಡಿಯುತ್ತೇನೆ, ಈ ಸಲ ಪುಲಿಗೆರೆಯ ಆನೆಸೆಜ್ಜೆ ಬಸದಿಯೂ ಸೇರಿ ಇವರ ಬಸದಿಗಳೆಲ್ಲ ಪಣಕ್ಕಿರಲಿ ಎಂದ. ಎದುರು ಪಕ್ಷ ಹಿಂಜರಿಯಿತು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟು, ವೀರಸೋಮನಾಥನಿಗೆ ಒಂದು ಊರನ್ನೂ ಬಿಟ್ಟ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರ ಅಬ್ಬಲೂರನ್ನೇ ದತ್ತಿ ಕೊಟ್ಟ. ಹಾನಗಲ್ಲಿನ ಕದಂಬ ಕಾಮದೇವನೂ ಒಂದು ಊರು ಸೇರಿಸಿದ. ಓಲೆ, ಜಯಪತ್ರ, ದತ್ತಿ, ಕೊನೆಗೆ ಶಿಲಾಶಾಸನ: ಒಂದು ತಲೆಯ ಸುತ್ತ ಇಷ್ಟು ದಾಖಲೆಗಳು! ಈ ಪವಾಡ ನಮ್ಮವರೆಗೆ ಬಂದಿರುವುದೇ ಒಂದು ದೇವಸ್ಥಾನದ ಆಸ್ತಿಪತ್ರದ ಪೀಠಿಕೆಯಾಗಿ. ಅದೇ ಗುಡಿಯಲ್ಲಿ ರಾಮಯ್ಯ ತಲೆ ಕಡಿದುಕೊಳ್ಳುವ, ಜಿನಬಿಂಬ ಒಡೆಯುವ ಉಬ್ಬುಶಿಲ್ಪಗಳಿವೆ. ಯಾವ ಚಿತ್ರ ಯಾವ ಪ್ರಸಂಗದ್ದು ಎಂದು ಕೆಳಗೆ ಅಕ್ಷರದಲ್ಲಿ ಕೊರೆದೂ ಇದ್ದಾರೆ.

ಇದಿಷ್ಟೂ ಗೆದ್ದವರ ಕಡೆಯ ದಾಖಲೆ ಎಂಬುದನ್ನು ಮರೆಯುವಂತಿಲ್ಲ. ತಲೆ ಕೂಡಿಕೊಂಡಿತೆಂಬುದನ್ನು ನಂಬುವುದು ಬಿಡುವುದು ಇತಿಹಾಸಕಾರನ ಕೆಲಸವಲ್ಲ. ಒಂದು ಬಸದಿ ಕೈಬದಲಾಯಿತು, ಅರಸೊತ್ತಿಗೆ ಅದಕ್ಕೆ ಮುದ್ರೆಯೊತ್ತಿತು, ಇಷ್ಟನ್ನು ಹೇಳಲು ಅಡ್ಡಿಯಿಲ್ಲ. ಬಿಜ್ಜಳ ಜೈನನೆಂದು ಹಲವು ಕಾವ್ಯಗಳು ಹೇಳುತ್ತವೆ. ಈ ಶಾಸನದ ಬಿಜ್ಜಳನೋ ಶಿವಾಲಯಕ್ಕೆ ಊರು ಬಿಡುವವನು.

ಅಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದವನು ಜೆ.ಎಫ್. ಫ್ಲೀಟ್. ಬಿಜ್ಜಳನ ಕಾಲದ ಶೈವ ಸಂಘರ್ಷವನ್ನು ಇಷ್ಟು ವಿವರವಾಗಿ ಹೇಳುವ ಶಾಸನದಲ್ಲಿ ಬಸವಣ್ಣನ ಹೆಸರೇ ಇಲ್ಲದ್ದು ಅವನನ್ನು ಕಾಡಿತು. ವೀರಶೈವ ಆಂದೋಲನದ ನಿಜವಾದ ಮುಂದಾಳು ರಾಮಯ್ಯನೇ ಇರಬೇಕೆಂಬ ದಿಕ್ಕಿನಲ್ಲಿ ಅವನ ತರ್ಕ ಹರಿಯಿತು. 1260ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನ ಉಲ್ಲೇಖ ಸಿಕ್ಕ ಮೇಲೆ ಆ ವಾದ ಸಡಿಲವಾಯಿತು. ಒಂದು ಊರಿನ ಕಲ್ಲು ತನ್ನ ಊರಿನ ನಾಯಕನನ್ನಷ್ಟೇ ಹೊಗಳುತ್ತದೆ ಎಂಬ ಸರಳ ಸಂಗತಿಯನ್ನು ಫ್ಲೀಟ್‌ನಂಥ ಘನ ವಿದ್ವಾಂಸನೂ ಒಂದು ಗಳಿಗೆ ಮರೆತಿದ್ದ.

ರಾಮಯ್ಯನನ್ನು ವಿಕ್ಷಿಪ್ತನೆಂದು ಬದಿಗಿಡುವುದು ಸುಲಭ. ಆದರೆ ತಲೆ ಕೊಡುವುದು ಆ ಕಾಲದವರಿಗೆ ಕಂಡು ಕೇಳದ ಸಂಗತಿಯಾಗಿರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ಸ್ಮಾರಕ. ದೊರೆ ಸತ್ತಾಗ ಅವನು ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಬಿಟ್ಟ. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ಕಡಿದುಕೊಳ್ಳುವ ಆಳುಗಳಿದ್ದಾರೆ. ಶ್ರೀಶೈಲದಲ್ಲಿ 14ನೆಯ ಶತಮಾನದಲ್ಲಿ ರೆಡ್ಡಿ ದೊರೆ ಅನವೇಮರೆಡ್ಡಿ ವೀರಶಿರೋಮಂಡಪವನ್ನೇ ಕಟ್ಟಿಸಿದ. ಭಕ್ತರು ತಲೆಯನ್ನೋ ನಾಲಗೆಯನ್ನೋ ಶಿವನಿಗೆ ಅರ್ಪಿಸುವುದಕ್ಕೆಂದೇ ಮಾಡಿಸಿದ ಜಾಗ ಅದು. ಒಡೆಯನಿಗೆ ಆಳು ತಲೆ ಕೊಡುವ ಜೋಳವಾಳಿಯ ನೀತಿಯನ್ನೇ ರಾಮಯ್ಯನಂಥವರು ದೇವರ ಲೆಕ್ಕಕ್ಕೆ ಬರೆದುಕೊಂಡರು.

ದೇಹವನ್ನು ಬಿಟ್ಟುಕೊಡುವ ನಿಷ್ಠೆಯಲ್ಲಿ ಜೈನರೇನೂ ಹಿಂದೆ ಬಿದ್ದವರಲ್ಲ. 1131ರಲ್ಲಿ ಹೊಯ್ಸಳ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಅಲ್ಲಿ ಪಣವಿಲ್ಲ, ಪ್ರತಿವಾದಿಯಿಲ್ಲ. ಅಬ್ಬಲೂರಿನಲ್ಲಿ ದೇಹತ್ಯಾಗ ಇನ್ನೊಬ್ಬರ ದೇವರನ್ನು ಕೀಳುವ ಹತಾರವಾಯಿತು. ಇವೆರಡನ್ನೂ ‘ಮತಾವೇಶ’ ಎಂಬ ಒಂದೇ ಚೀಲಕ್ಕೆ ತುಂಬುವುದು ಅನ್ಯಾಯ.

ಕಥೆ ಮುಂದೆ ಕಾವ್ಯಕ್ಕೆ ಹತ್ತಿತು. ಹರಿಹರ ರಾಮಯ್ಯನ ಮೇಲೆ ಒಂದು ರಗಳೆ ಬರೆದ. ಪುಲಿಗೆರೆಯಲ್ಲಿ ಜೈನರೊಡನೆ ಸೆಣಸಿದ ಆದಯ್ಯನ ಮೇಲೆ ಇನ್ನೊಂದು. ಭೀಮಕವಿ 1369ರ ಕನ್ನಡ ಬಸವಪುರಾಣದಲ್ಲಿ ಇಂಥ ಶರಣರ ಕಥೆಗಳನ್ನು ಕನ್ನಡಕ್ಕೆ ಹೊಸದಾಗಿ ಹೊಂದಿಸಿದ.

ಅದಕ್ಕೆ ಒಂದು ವರ್ಷ ಹಿಂದೆ, 1368ರಲ್ಲಿ, ಬೇರೊಂದು ಬಗೆಯ ಬರಹ ಶ್ರವಣಬೆಳಗೊಳದ ಕಲ್ಲಿಗೆ ಏರಿತ್ತು. ಈ ಸಲ ಜಗಳ ಜೈನರಿಗೂ ಶ್ರೀವೈಷ್ಣವರಿಗೂ. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನ ಬಳಿ ಮೊರೆಯಿಟ್ಟರು. ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಜೈನರಿಗೆ ಪಂಚಮಹಾವಾದ್ಯ, ಕಳಶಗಳ ಹಕ್ಕು ಉಳಿಯಿತು. ತಿರುಮಲೆಯ ತಾತಯ್ಯ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಗೊಮ್ಮಟನ ಕಾವಲಿಗೆ 20 ಆಳುಗಳನ್ನು ನೇಮಿಸಿ, ಉಳಿದದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದಾಯಿತು. ಜೈನ ದೇವರ ಕಾವಲಿನ ಹೊಣೆ ವೈಷ್ಣವನ ಹೆಗಲಿಗೆ! ಬುಕ್ಕನ ಚಾಣಾಕ್ಷತೆ ಇರುವುದು ಭೇದವಿಲ್ಲವೆಂಬ ಘೋಷಣೆಗಿಂತ ಈ ಸುಣ್ಣದ ಲೆಕ್ಕದಲ್ಲಿ.

ಇನ್ನೂ 270 ವರ್ಷ ದಾಟಿದರೆ ಹಳೇಬೀಡಿನ ಬಸದಿಹಳ್ಳಿಯಲ್ಲಿ ಹುಚ್ಚಪ್ಪದೇವ ಎಂಬವನೊಬ್ಬ ಸಿಗುತ್ತಾನೆ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚೀರಪ್ಪ ಎಂದು ಮಕ್ಕಳಿಗೆ ಭಕ್ತಿಯಿಂದ ಹೆಸರಿಡುವ ನಾಡಿದು. ಇಲ್ಲಿ ದೇವರ ಹುಚ್ಚು ಬೈಗುಳವಾಗಿರಲಿಲ್ಲ. ಈ ಹುಚ್ಚಪ್ಪದೇವ 1638ರಲ್ಲಿ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿಹಾಕಿದ. ಅಬ್ಬಲೂರಿನ ಕಥೆ ಮರುಕಳಿಸಲು ಬೇಕಾದದ್ದೆಲ್ಲ ಸಿದ್ಧವಿತ್ತು.

ಮರುಕಳಿಸಲಿಲ್ಲ. ಬೇಲೂರಿನ ವೆಂಕಟಾದ್ರಿ ನಾಯಕನ ಆಡಳಿತದಲ್ಲಿ ಜೈನ ಮುಖಂಡರು ಅಹವಾಲು ಒಯ್ದರು, ವೀರಶೈವರ ಮಹಾಮಹತ್ತಿನವರು ಕೂಡಿ ಕುಳಿತು ಒಡಂಬಡಿಕೆ ಬರೆದರು. ಬಸದಿಯಲ್ಲಿ ಮೊದಲು ವಿಭೂತಿ ವೀಳ್ಯ ಅರ್ಪಿಸಬೇಕು; ಆಮೇಲೆ ಜೈನರು ಹಿಂದಿನಿಂದ ನಡೆದುಬಂದಂತೆ ಪಾರ್ಶ್ವನಾಥನ ಪೂಜೆ ಪುನಸ್ಕಾರ ನಡೆಸಿಕೊಳ್ಳಬಹುದು. ಈ ಜಿನಧರ್ಮಕ್ಕೆ ಅಡ್ಡಿಬಂದವನು ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗೆ ದ್ರೋಹ ಬಗೆದವನು ಎಂದು ವೀರಶೈವರೇ ಶಾಪ ಹಾಕಿ ಬರೆಸಿದರು.

ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಅದು. ಕಡೆದ ಕಂಬಗಳ ನುಣುಪು ಎಷ್ಟೆಂದರೆ ಎದುರು ನಿಂತವರ ನೆರಳು ಅವುಗಳಲ್ಲಿ ಮೂಡುತ್ತದೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಸರದಿಯಲ್ಲಿ ನಿಂತು ಅದರಲ್ಲಿ ತಮ್ಮ ಮುಖ ಹುಡುಕುತ್ತಾರೆ.